ಕುದುರೆ ಮೂಳೆ ಅಂದುಕೊಂಡಿದ್ದೆ

ಕುಣಿಗಲ್ ಅಂದ್ರೆ ಕುದುರೆ. ಟಿಪ್ಪು ಕಾಲದ ಹೆಸರು ಹೊತ್ತ ಸ್ಟಡ್ ಫಾರ್ಮ್ ಇರೋ ಊರು. ಹಾಗಾಗಿ ಒಂದು ಬೇಸಿಗೆಯಲ್ಲಿ, ನೀರಿಳಿದ ಕುಣಿಗಲ್ ಕೆರೆಯಂಚಲ್ಲಿ ಗೇಣುದ್ದದ ಕಾಲು ಮೂಳೆಯೊಂದು ಸಿಕ್ಕಾಗ ನನಗೆ ಅನುಮಾನವೇ ಬರಲಿಲ್ಲ. ಕುದುರೆಯದ್ದೇ. ‘ಕುದುರೆ’ ಅಂತ ಚೀಟಿ ಬರೆದು, ಚೀಲಕ್ಕೆ ಹಾಕಿ ತುಮಕೂರಿನ ಮನೆಗೆ ತಂದೆ. ಅಮ್ಮ ಬಾಗಿಲಲ್ಲೇ ತಡೆದರು. "ಒಳಗ್ ತರಬೇಡ, ಮೊದ್ಲು ಅದನ್ನ ತಾರಸಿ ಮೇಲಿಡು."

ಮೂಳೆ ಕೂಡಿಡೋದು ನನ್ನ ಹವ್ಯಾಸ. ದನ, ಕುರಿ, ಕೋಳಿ, ಇಷ್ಟೇ. ಕಾಡುಪ್ರಾಣಿಯದ್ದು ಮುಟ್ಟಲ್ಲ, 1972ರ ವನ್ಯಜೀವಿ ಕಾಯ್ದೆ ಅಡ್ಡ ಬರುತ್ತೆ. ದನ ದಿಢೀರನೆ ಸತ್ತ ಜಾಗಕ್ಕೂ ಹೋಗಲ್ಲ. ನೆರಡಿ ರೋಗದ ಅಣುಗಳು ಮಣ್ಣಲ್ಲಿ ದಶಕಗಟ್ಟಲೆ ಬದುಕಿರುತ್ತವೆ. ಹಳೇ ಮೂಳೆಗೂ ಗ್ಲೌಸ್, ಮಾಸ್ಕ್ ಬೇಕೇ ಬೇಕು.

ತೊಳೆಯೋದಕ್ಕೆ ತಾಳ್ಮೆ ಬೇಕು. ಕುದಿಸಿದರೆ ಜಿಡ್ಡು ಮೂಳೆಯೊಳಗೇ ಇಳಿಯುತ್ತೆ. ಪಾತ್ರೆ ತೊಳೆಯೋ ಲಿಕ್ವಿಡ್ ಬೆರೆಸಿದ ನೀರಲ್ಲಿ ನೆನೆಹಾಕಿ, ನೀರು ಬದಲಿಸ್ತಾ ವಾರಗಟ್ಟಲೆ ಕಾಯಬೇಕು. ಕೊನೆಗೆ 3% ಹೈಡ್ರೋಜನ್ ಪೆರಾಕ್ಸೈಡ್. ಬ್ಲೀಚ್ ಬೇಡವೇ ಬೇಡ, ಮೂಳೆಯನ್ನೇ ತಿಂದುಹಾಕುತ್ತೆ.

ಹಾಗೆ ಕಾಯ್ತಿದ್ದ ದಿನಗಳಲ್ಲೇ ಡಾ. ಕೆ. ಆರ್. ಆಲೂರರ ಬಗ್ಗೆ ಓದಿದ್ದು. ಪಶುವೈದ್ಯರು. ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ, ತುಂಗಭದ್ರೆಯ ದಂಡೆ ಮೇಲೆ, 1965ರಲ್ಲಿ ಎಂ. ಎಸ್. ನಾಗರಾಜ ರಾವ್ ನವಶಿಲಾಯುಗದ ನೆಲೆಯೊಂದನ್ನು ಅಗೆದಿದ್ದರು. ಅಲ್ಲಿ ಸಿಕ್ಕ ಪ್ರಾಣಿಗಳ ಮೂಳೆ ನೋಡಿದವರು ಆಲೂರರು. ಅದರಲ್ಲಿ ಕುದುರೆಯದ್ದೂ ಇದೆ ಅಂತ 1971ರಲ್ಲಿ ವರದಿ ಕೊಟ್ಟರು. ಗದ್ದಲ ಎದ್ದಿತು. ಕುದುರೆ ಭಾರತಕ್ಕೆ ಬಂದದ್ದೇ ಆರ್ಯರ ಜೊತೆ ಅನ್ನೋ ವಾದಕ್ಕೆ, ಅಷ್ಟು ಹಿಂದೆ ಇಷ್ಟು ದಕ್ಷಿಣದಲ್ಲಿ ಕುದುರೆ ಹೊಂದುತ್ತಿರಲಿಲ್ಲ. ಆಲೂರರು ಮಾತ್ರ ತಮ್ಮ ತೀರ್ಮಾನ ಬದಲಿಸಲಿಲ್ಲ. ವಾದ ಇವತ್ತಿಗೂ ಮುಗಿದಿಲ್ಲ. ಆದರೆ ಮೂಳೆ ಹೇಳೋದು ಯಾವ ಪ್ರಾಣಿ ಅಂತ ಮಾತ್ರ. ಅದನ್ನ ಸಾಕಿದವರು ಯಾವ ಭಾಷೆ ಆಡ್ತಿದ್ದರು ಅಂತ ಹೇಳಲ್ಲ.

ಇದೆಲ್ಲ ಓದಿ ಉಬ್ಬಿಹೋಗಿದ್ದೆ. ಒಣಗಿದ ಮೂಳೆ ಹಿಡಿದು ಗುಬ್ಬಿಗೆ, ನಿವೃತ್ತ ಪಶುವೈದ್ಯರಾದ ಸೋದರಮಾವನ ಹತ್ತಿರ ಹೋದೆ. ಮಾವ ಕನ್ನಡಕ ಹಾಕಿಕೊಂಡು ತಿರುಗಿಸಿ ನೋಡಿದರು.

"ಕುದುರೆ ಕಾಲಿಗೆ ಎಷ್ಟು ಗೊರಸೋ?"

"ಒಂದೇ ಅಲ್ವಾ ಮಾವ?"

"ಮತ್ತೆ ಇದ್ಯಾಕೆ ಕೆಳಗೆ ಎರಡು ಕವಲಾಗಿದೆ?"

ನಾನು ನೋಡಿಯೇ ಇರಲಿಲ್ಲ. ಮೂಳೆಯ ಮುಂಭಾಗದಲ್ಲಿ ಉದ್ದಕ್ಕೆ ಒಂದು ಗೀರು, ಕೆಳತುದಿಯಲ್ಲಿ ಸೀಳುಗೊರಸಿಗೆ ತಕ್ಕ ಎರಡು ಗುಂಡು. "ದನದ್ದು ಕಣೋ. ಎತ್ತೇ ಇರ್ಬೇಕು. ಕೀಲಿನ ಅಂಚು ಹೆಂಗೆ ಉಬ್ಬಿದೆ ನೋಡು. ವರ್ಷಗಟ್ಟಲೆ ಭಾರ ಎಳೆದ್ರೆ ಹಿಂಗಾಗುತ್ತೆ. ವಯಸ್ಸಾದ್ರೂ ಆಗುತ್ತೆ, ಬಿಡು."

ವಾಪಸ್ ಬರೋ ಬಸ್ಸಲ್ಲಿ ನಾಚಿಕೆ ಆಯ್ತು. ತಿಂಗಳುಗಟ್ಟಲೆ ಕೈಯಲ್ಲಿ ಹಿಡಿದು ತೊಳೆದಿದ್ದೆ, ಆದರೆ ನನಗೆ ಬೇಕಾದದ್ದನ್ನೇ ನೋಡಿದ್ದೆ.

ಆಮೇಲೆ ಇನ್ನೊಂದು ಹೊಳೀತು. ರೇಸಿನ ಕುದುರೆಗೆ ದಾಖಲೆ ಇದೆ. ಅಪ್ಪ ಯಾರು, ಅಮ್ಮ ಯಾರು, ಯಾವ ರೇಸ್ ಗೆದ್ದಿತು, ಎಲ್ಲ ಪುಸ್ತಕದಲ್ಲಿದೆ. ನಮ್ಮ ತುಮಕೂರು ಸೀಮೆಯ ರಾಗಿ ಹೊಲ ಉತ್ತ ಹಳ್ಳಿಕಾರ್ ಎತ್ತಿಗೆ ಯಾರೂ ಪುಸ್ತಕ ಬರೀಲಿಲ್ಲ. ಅದು ಎಳೆದ ನೊಗದ ಲೆಕ್ಕ ಎಲ್ಲಾದರೂ ಉಳಿದಿದ್ದರೆ, ಆ ಉಬ್ಬಿದ ಅಂಚಲ್ಲಿ ಮಾತ್ರ.

ಹಳ್ಳೂರಿನ ಮೂಳೆಗೆ ಬೆಲೆ ಬಂದದ್ದು ಯಾವ ಪದರದಲ್ಲಿ ಸಿಕ್ಕಿತು ಅಂತ ಅಗೆದವರು ಬರೆದಿಟ್ಟಿದ್ದಕ್ಕೆ. ಅದಕ್ಕೇ ಹಳೇ ದಿಬ್ಬಗಳಿಂದ ನಾನು ಏನನ್ನೂ ಎತ್ತಲ್ಲ. ಅಗೆಯೋದು ಗೊತ್ತಿರೋರಿಗೇ ಬಿಡ್ತೀನಿ.

ಮನೆಗೆ ಬಂದು ‘ಕುದುರೆ’ ಚೀಟಿ ಹರಿದೆ. ಹೊಸದು ಬರೆದೆ: ‘ದನ. ಬಹುಶಃ ಎತ್ತು. ಕುಣಿಗಲ್ ಕೆರೆ.’ ಕೆಳಗೆ ತಾರೀಖು ಹಾಕಿದೆ.