ಕಮಾನಿನಲ್ಲಿ ಸುತ್ತಿಟ್ಟ ಹಾಡು

ಕನ್ನಡದಲ್ಲಿ ಕಮಾನು ಎಂಬ ಮಾತಿಗೆ ಕೆಲಸ ಬಹಳ. ಮಸೀದಿಯ ಬಾಗಿಲ ಮೇಲೆ ಬಾಗಿ ನಿಂತದ್ದು ಕಮಾನು, ಪಿಟೀಲು ನುಡಿಸುವ ಕೋಲು ಕಮಾನು, ಗಡಿಯಾರದ ಹೊಟ್ಟೆಯೊಳಗೆ ಸುರುಳಿ ಸುತ್ತಿ ಕೂತ ಉಕ್ಕಿನ ಪಟ್ಟಿಯೂ ಕಮಾನೇ. ಉರ್ದುವಿನಲ್ಲಿ ಬಿಲ್ಲಿಗೆ ಕಮಾನ್ ಎನ್ನುತ್ತಾರೆ, ಸ್ಪ್ರಿಂಗಿಗೆ ಕಮಾನಿ. ಫಾರಸಿಯಿಂದ ಬಂದ ಈ ಪದ ಎರಡೂ ಭಾಷೆಗಳಲ್ಲಿ ಮನೆಮಾತಾಗಿದೆ. ಬಿಲ್ಲಿನ ಗುಣವೇ ಸ್ಪ್ರಿಂಗಿನ ಗುಣ. ಎಳೆದವನ ತೋಳಿನ ಬಲವನ್ನು ತನ್ನೊಳಗೆ ಹಿಡಿದಿಟ್ಟುಕೊಂಡು, ಬಿಟ್ಟಾಗ ಹಿಂದಿರುಗಿಸುವುದು. ಬಿಲ್ಲು ಅದನ್ನು ಒಂದೇ ಏಟಿಗೆ ಕೊಟ್ಟುಬಿಡುತ್ತದೆ. ಗ್ರಾಮಫೋನಿನ ಕಮಾನು ಅದನ್ನು ಮೂರು ನಿಮಿಷ ಹಂಚಿ ಹಂಚಿ ಕೊಡುತ್ತದೆ. ಈ ಹಂಚುವ ವಿದ್ಯೆ ಕೈಗೂಡಿದ ಮೇಲೆಯೇ ಹಾಡು ಅರಮನೆ, ಮೆಹಫಿಲ್, ನಾಟಕದ ಕಂಪನಿಗಳನ್ನು ದಾಟಿ ಕಾರವಾರ, ಅಂಕೋಲೆಗಳಂಥ ಊರಿನ ಜಗಲಿಗೂ ಬರುವಂತಾಯಿತು.

ಎಡಿಸನ್ 1877ರಲ್ಲಿ ಧ್ವನಿಯನ್ನು ಹಿಡಿದಿಡುವ ಯಂತ್ರ ಮಾಡಿದನೆಂದು ಶಾಲೆಯ ಪುಸ್ತಕಗಳಲ್ಲಿ ಓದಿದ್ದೇವೆ. ಆ ಯಂತ್ರದ ಹಿಡಿಯನ್ನು ಕೈಯಿಂದಲೇ ತಿರುಗಿಸುತ್ತಿರಬೇಕಿತ್ತು ಎಂಬುದನ್ನು ಪುಸ್ತಕಗಳು ಅಷ್ಟಾಗಿ ಹೇಳುವುದಿಲ್ಲ. ಕೈ ಬಿರುಸಾದರೆ ಗಂಡಸಿನ ದನಿ ಹೆಂಗಸಿನದಾಗುತ್ತಿತ್ತು, ಕೈ ಸೋತರೆ ದನಿಯೂ ನರಳುತ್ತಿತ್ತು. ಎಮಿಲ್ ಬರ್ಲೈನರ್ 1887ರಲ್ಲಿ ಚಪ್ಪಟೆ ತಟ್ಟೆಯ ಗ್ರಾಮಫೋನನ್ನು ಕಂಡುಹಿಡಿದಾಗಲೂ ಈ ತಾಪತ್ರಯ ತಪ್ಪಲಿಲ್ಲ. ಅವನ ಮೊದಲ ಯಂತ್ರಗಳೂ ಕೈಯಿಂದ ತಿರುಗುವಂಥವೇ. ವಿದ್ಯುತ್ ಮೋಟಾರು ಆಗಲೇ ಇತ್ತಾದರೂ ಅದಕ್ಕೆ ಆಮ್ಲ ತುಂಬಿದ ಬ್ಯಾಟರಿಗಳು ಬೇಕಿದ್ದವು. ಮನೆಯೊಳಗೆ ಅಂಥ ವಸ್ತುವನ್ನು ಯಾರು ಇಟ್ಟುಕೊಂಡಾರು?

ಅಮೆರಿಕದ ನ್ಯೂಜೆರ್ಸಿಯ ಕ್ಯಾಮ್ಡೆನ್ ಊರಿನಲ್ಲಿ ಎಲ್ಡ್ರಿಜ್ ಜಾನ್ಸನ್ ಎಂಬವನ ಸಣ್ಣದೊಂದು ಯಂತ್ರದ ಅಂಗಡಿಯಿತ್ತು. ಬರ್ಲೈನರನ ಗ್ರಾಮಫೋನಿಗೆ ಒಪ್ಪುವ ಸ್ಪ್ರಿಂಗ್ ಮೋಟಾರನ್ನು 1896ರಲ್ಲಿ ಹದಕ್ಕೆ ತಂದವನು ಅವನು. ಐದೇ ವರ್ಷಗಳಲ್ಲಿ, 1901ರಲ್ಲಿ, ಅವನು ವಿಕ್ಟರ್ ಕಂಪನಿಯನ್ನೇ ಕಟ್ಟಿದ. ಹಾಡಿದವರ ಹೆಸರು ಪ್ಲೇಟಿನ ಮೇಲೆ ಬಂತು, ಕಂಪನಿಯ ನಾಯಿಯ ಚಿತ್ರವೂ ಬಂತು. ಮೋಟಾರು ಮಾತ್ರ ಪೆಟ್ಟಿಗೆಯೊಳಗೇ ಉಳಿಯಿತು.

ಅಂಕೋಲೆಯ ಪರಿಚಿತರೊಬ್ಬರ ಮನೆಯ ಅಟ್ಟದಿಂದ ಇಳಿಸಿದ ಇಂಥದೊಂದು ಪೆಟ್ಟಿಗೆಯನ್ನು ಗಡಿಯಾರ ರಿಪೇರಿಯ ಹಿರಿಯರೊಬ್ಬರು ನಮ್ಮೆದುರು ಬಿಚ್ಚಿದ್ದರು. ಮೇಲಿನ ಹಲಗೆ ಎತ್ತಿದರೆ ಕೆಳಗೆ ಒಂದು ದುಂಡು ಡಬ್ಬಿ. ಅದರೊಳಗೆ ಬೆರಳಗಲದ ಉಕ್ಕಿನ ಪಟ್ಟಿ, ಮೀಟರುಗಟ್ಟಲೆ ಉದ್ದದ್ದು, ಸುರುಳಿಯಾಗಿ ಸುತ್ತಿಕೊಂಡಿತ್ತು. ಹೊರಗಿನ ಹಿಡಿಯನ್ನು ತಿರುಗಿಸಿದರೆ, ಅಂದರೆ ನಮ್ಮವರ ಮಾತಿನಲ್ಲಿ ಚಾವಿ ಕೊಟ್ಟರೆ, ಸುರುಳಿ ಬಿಗಿಯಾಗುತ್ತದೆ. ಅದು ಕೂಡಲೇ ಹಿಂದಕ್ಕೆ ಬಿಚ್ಚಿಕೊಳ್ಳದಂತೆ ಒಂದು ಕೊಕ್ಕೆ ತಡೆದು ನಿಲ್ಲುತ್ತದೆ. ಡಬ್ಬಿಯ ಅಂಚಿನ ಹಲ್ಲುಗಳು ಸಣ್ಣ ಚಕ್ರಗಳನ್ನು ತಿರುಗಿಸುತ್ತವೆ, ಆ ಚಕ್ರಗಳು ಪ್ಲೇಟು ಕೂರುವ ತಟ್ಟೆಯನ್ನು ತಿರುಗಿಸುತ್ತವೆ.

ಇಷ್ಟೇ ಆಗಿದ್ದರೆ ಹಾಡು ಹಾಡಾಗುತ್ತಿರಲಿಲ್ಲ. ಪೂರ್ತಿ ಬಿಗಿದ ಸ್ಪ್ರಿಂಗಿಗೆ ಮೊದಲಿಗೆ ಆವೇಶ ಹೆಚ್ಚು, ಬಿಚ್ಚುತ್ತ ಬಿಚ್ಚುತ್ತ ಅದು ಸೊರಗುತ್ತದೆ. ತಟ್ಟೆಯಾದರೋ ನಿಮಿಷಕ್ಕೆ 78 ಸುತ್ತು, ಮೊದಲಿನಿಂದ ಕೊನೆವರೆಗೂ ಒಂದೇ ಸಮ ತಿರುಗಬೇಕು. ಮೂರು ನಿಮಿಷದ ಹಾಡಿಗೆ 234 ಸುತ್ತು. ನಡುವೆ ವೇಗ 73–74ಕ್ಕೆ ಇಳಿಯಿತೆಂದರೆ ಶ್ರುತಿ ಹಾರ್ಮೋನಿಯಮ್ಮಿನ ಒಂದು ಮನೆಯಷ್ಟು ಕೆಳಗಿಳಿದುಬಿಡುತ್ತದೆ. ಇದನ್ನು ಕಾಯುವುದಕ್ಕೆ ಗವರ್ನರ್ ಎಂಬ ಪುಟ್ಟ ಸಾಧನವಿದೆ. ಒಂದು ತೆಳು ಸರಳು, ಅದರ ಸುತ್ತ ಮೂರು ಲೋಹದ ಗುಂಡುಗಳು, ಒಂದೊಂದೂ ಒಂದೊಂದು ತೆಳು ಪಟ್ಟಿಗೆ ಅಂಟಿಕೊಂಡಿವೆ. ವೇಗ ಹೆಚ್ಚಿದರೆ ಗುಂಡುಗಳು ಹೊರಕ್ಕೆ ಚಾಚುತ್ತವೆ, ಆಗ ಸರಳಿನ ಮೇಲಿನ ಬಿಲ್ಲೆ ಜಾರಿ ತೊಗಲಿನ ತುಂಡಿಗೆ ಉಜ್ಜುತ್ತದೆ, ವೇಗ ಇಳಿಯುತ್ತದೆ. ವೇಗ ಇಳಿದರೆ ಗುಂಡುಗಳು ಒಳಕ್ಕೆ ಬರುತ್ತವೆ, ಉಜ್ಜುವಿಕೆ ತಗ್ಗುತ್ತದೆ. ‘ಜೋರು ಇರುವುದು ಡಬ್ಬಿಯಲ್ಲಿ, ಬುದ್ಧಿ ಇರುವುದು ಈ ಗುಂಡುಗಳಲ್ಲಿ’ ಎಂದರು ಆ ಹಿರಿಯರು. ಆ ಪೆಟ್ಟಿಗೆಯ ಹಳೆಯ ಗ್ರೀಸು ಅಂಟಾಗಿ ಗಟ್ಟಿಕಟ್ಟಿತ್ತು. ಸಮುದ್ರದ ಉಪ್ಪುಗಾಳಿಗೆ ಉಕ್ಕಿನ ಪಟ್ಟಿ ತುಕ್ಕು ಹಿಡಿದು ನಡುವೆ ತುಂಡಾಗಿತ್ತು. ಗುಂಡುಗಳು ಮಾತ್ರ ಬೆರಳು ಸೋಕಿದರೆ ಸಾಕು, ತಿರುಗುತ್ತಿದ್ದವು.

ಈ ಯಂತ್ರಕ್ಕೆ ಹಿಂದುಸ್ತಾನದ ದನಿ ಸಿಕ್ಕಿದ ಕತೆಯನ್ನೂ ಇಲ್ಲಿ ನೆನೆಯಬೇಕು. ಲಂಡನ್ನಿನ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ 1902ರಲ್ಲಿ ಕಲಕತ್ತೆಗೆ ಬಂದ. ಅವನ ಮುಂದೆ ಹಾಡಿದವರಲ್ಲಿ ಗೌಹರ್ ಜಾನ್ ಪ್ರಮುಖಳು. ಹಾಡು ಮುಗಿಯುತ್ತಲೇ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದಳು. ಪ್ಲೇಟುಗಳು ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯ ಕೆಲಸಗಾರರಿಗೆ ಯಾವುದು ಯಾರ ಹಾಡೆಂದು ತಿಳಿಯಬೇಕಲ್ಲ! 1908ರಲ್ಲಿ ಕಲಕತ್ತೆಯ ಸಿಯಾಲ್ದಾದಲ್ಲೇ ಕಾರ್ಖಾನೆ ಬಂದ ಮೇಲೆ ಈ ಸಾಗರಯಾನ ತಪ್ಪಿತು. ಪ್ಲೇಟಿನ ಮೈಯಲ್ಲಿದ್ದದ್ದು ಅರಗು, ಕಲ್ಲಿನ ಪುಡಿ ಮತ್ತು ಮಸಿ. ಅರಗು ನಮ್ಮ ದೇಶದ ಕಾಡುಗಳದ್ದೇ. ಲಂಡನ್ನಿನಲ್ಲಿ ಕೂತು ಯಾರೋ ಕೇಳಿದ ಹಾಡಿನೊಳಗೂ ನಮ್ಮ ಕಾಡಿನ ಬಡವ ಮರದಿಂದ ಬಿಡಿಸಿದ ಅರಗು ಇತ್ತು.

ಈಗ ನಮ್ಮ ಕರಾವಳಿಗೆ ಬರೋಣ. ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಬೇರ್ಪಟ್ಟು ಮುಂಬಯಿಯ ಆಡಳಿತಕ್ಕೆ ಸೇರಿತು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಹಾಗೆಯೇ ಇತ್ತು. ವ್ಯವಹಾರದಲ್ಲಿ ಆಗ ಕಾರವಾರಕ್ಕೆ ಬೆಂಗಳೂರಿಗಿಂತ ಮುಂಬಯಿಯೇ ಹತ್ತಿರವಾಗಿತ್ತು. ಬಂದರಿಗೆ ಮುಂಬಯಿಯ ಹಡಗುಗಳು ಬರುತ್ತಿದ್ದವು. ಕೊಂಕಣ ರೈಲು ಪೂರ್ತಿಯಾದದ್ದು 1998ರಲ್ಲಿ. ಅದಕ್ಕೆ ಮೊದಲು ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಘಟ್ಟ, ನಡುವೆ ಕಾಳಿ, ಗಂಗಾವಳಿಯಂಥ ಹೊಳೆಗಳು. ಹಳ್ಳಿಗಳಿಗೆ ವಿದ್ಯುತ್ತು ಬಂದದ್ದು ಎಷ್ಟೋ ತಡವಾಗಿ. ಇಂಥ ನಾಡಿಗೆ ಹೇಳಿ ಮಾಡಿಸಿದ ಯಂತ್ರ ಸ್ಪ್ರಿಂಗಿನ ಗ್ರಾಮಫೋನು. ತಂತಿ ಬೇಡ, ಬ್ಯಾಟರಿ ಬೇಡ, ಎಣ್ಣೆಯೂ ಬೇಡ. ಮುಚ್ಚಳ ಮುಚ್ಚಿ ಹಿಡಿ ಹಿಡಿದರೆ ಪ್ರಯಾಣದ ಪೆಟ್ಟಿಗೆಯಂತೆ ಒಯ್ಯಬಹುದಾದ ಗ್ರಾಮಫೋನುಗಳು ಬಂದ ಮೇಲಂತೂ ಅದು ದೋಣಿ ಹತ್ತಿ ಹೊಳೆ ದಾಟುವುದಕ್ಕೂ ಅಡ್ಡಿಯಿರಲಿಲ್ಲ. ಒಂದು ಚಾವಿ, ಒಂದು ಡಬ್ಬಿ ಮುಳ್ಳು, ನಾಲ್ಕು ಪ್ಲೇಟು ಇದ್ದರೆ ಮದುವೆ ಮನೆಗೆ ಸಾಕು.

ಈ ನಡುವೆ ಜಗತ್ತಿನ ಬೇರೆ ಕಡೆ ‘ತಾನೇ ಹಾಡುವ’ ಯಂತ್ರಗಳಿಗಾಗಿ ಪೈಪೋಟಿ ನಡೆದಿತ್ತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1889ರಲ್ಲೇ ಲೂಯಿ ಗ್ಲಾಸ್ ಎಂಬವನು ನಾಣ್ಯ ಹಾಕಿದರೆ ಹಾಡುವ ಯಂತ್ರವನ್ನು ಇಟ್ಟಿದ್ದ. ಅದು ಬ್ಯಾಟರಿಯದ್ದು, ಕಿವಿಗೆ ನಳಿಗೆ ಇಟ್ಟು ಕೇಳಬೇಕು. ಶಿಕಾಗೋದ ಜಾನ್ ಗೇಬಲ್ 1906ರಲ್ಲಿ ಮಾಡಿದ್ದು ಇನ್ನೂ ಸೋಜಿಗದ್ದು. ಇಪ್ಪತ್ತನಾಲ್ಕು ಹಾಡುಗಳಲ್ಲಿ ಬೇಕಾದುದನ್ನು ಗಿರಾಕಿ ಆರಿಸಿಕೊಳ್ಳಬಹುದಿತ್ತು. ಯಂತ್ರ ಪ್ಲೇಟನ್ನು ತಾನೇ ತಂದು ಇಡುತ್ತಿತ್ತು, ಹಾಡು ಮುಗಿದ ಮೇಲೆ ತಾನೇ ಮರಳಿಸುತ್ತಿತ್ತು, ಸವೆದ ಮುಳ್ಳನ್ನು ಕೂಡ ತಾನೇ ಬದಲಿಸುತ್ತಿತ್ತು. ಇಷ್ಟೆಲ್ಲ ಮಾಡಲು ಅದಕ್ಕೆ ಶಕ್ತಿ ಎಲ್ಲಿಂದ ಬಂತು? ಸ್ಪ್ರಿಂಗಿನಿಂದ. ಸ್ಪ್ರಿಂಗಿಗೆ ಚಾವಿ ಕೊಡುವವರು ಯಾರು? ನಾಣ್ಯ ಹಾಕಿದ ಗಿರಾಕಿಯೇ! ಪಕ್ಕದ ಹಿಡಿಯನ್ನು ಅವನೇ ತಿರುಗಿಸಬೇಕಿತ್ತು. ದುಡ್ಡೂ ಅವನದು, ತೋಳೂ ಅವನದು, ಹೆಸರು ಮಾತ್ರ ಸ್ವಯಂಚಾಲಿತ.

ವಿಕ್ಟರ್ ಕಂಪನಿ 1927ರಲ್ಲಿ ಪ್ಲೇಟುಗಳನ್ನು ಒಂದಾದ ಮೇಲೊಂದು ತಾನೇ ಬದಲಿಸುವ ಮನೆಬಳಕೆಯ ಯಂತ್ರ ತಂದಾಗ ಅದಕ್ಕೆ ಸ್ಪ್ರಿಂಗು ಸಾಲಲಿಲ್ಲ, ವಿದ್ಯುತ್ ಮೋಟಾರು ಹಾಕಿದರು. ವಿದ್ಯುತ್ತಿಲ್ಲದ ಊರುಗಳ ಪಾಲಿಗೆ ಆ ಸೋಜಿಗದಲ್ಲಿ ದಕ್ಕಿದ್ದು ಒಂದು ಸಣ್ಣ ತುಣುಕು. 1931ರಲ್ಲಿ ಬಂದ ಎಚ್.ಎಂ.ವಿ. 102 ನಮೂನೆಯ ಪೆಟ್ಟಿಗೆಯಲ್ಲಿ, ಹಾಡು ಮುಗಿದು ಮುಳ್ಳು ಒಳಸುತ್ತಿಗೆ ಬಂದೊಡನೆ ತಟ್ಟೆ ತಾನಾಗಿ ನಿಲ್ಲುವ ಬ್ರೇಕು ಇತ್ತು. ಅಷ್ಟೇ. ಉಳಿದದ್ದೆಲ್ಲ ಮನೆಯವರ ಕೈಯಲ್ಲೇ. ಪ್ರತಿ ಹಾಡಿಗೂ ಹೊಸ ಮುಳ್ಳು, ಆಗಾಗ ಚಾವಿ, ಪ್ಲೇಟು ಮಗುಚುವುದು. ಕೇಳುವವರಲ್ಲಿ ಒಬ್ಬರು ಸದಾ ಎದ್ದು ನಿಂತಿರಲೇಬೇಕು.

ಈ ಕಮಾನು ನಮ್ಮ ಸಮಾಜಕ್ಕೆ ಮಾಡಿದ ಉಪಕಾರ ಸಣ್ಣದಲ್ಲ. ಯಾವ ಹೆಣ್ಣುಮಕ್ಕಳನ್ನು ‘ಮರ್ಯಾದಸ್ಥರ’ ಹೊಸ್ತಿಲೊಳಗೆ ಸೇರಿಸುತ್ತಿರಲಿಲ್ಲವೋ ಅವರ ದನಿ ಅದೇ ಮನೆಯ ನಡುಕೋಣೆಗೆ ಹೋಯಿತು. ಪರದೆಯ ಹಿಂದಿನ ಹೆಂಗಸರೂ ಅದನ್ನು ಕೇಳಿದರು. ಅರ್ಮೇನಿಯನ್ ಮೂಲದ ತಂದೆಗೆ ಹುಟ್ಟಿ, ಇಸ್ಲಾಮಿಗೆ ಬಂದ ತಾಯಿಯ ಜೊತೆ ಬೆಳೆದು, ನೂರಾರು ಪ್ಲೇಟುಗಳಲ್ಲಿ ಹಾಡಿದ ಗೌಹರ್ ಜಾನ್ 1928ರಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದಳು. 1930ರ ಜನವರಿ 17ರಂದು ನಮ್ಮ ಮೈಸೂರಿನಲ್ಲೇ ತೀರಿಕೊಂಡಳು. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರ ಮೊದಲ ಪ್ಲೇಟುಗಳು ಗಾಂಧಾರಿ ಎಂಬ ಹೆಸರಿನಲ್ಲಿ ಬಂದವು. ಕಿರಾಣಾದ ಅಬ್ದುಲ್ ಕರೀಂ ಖಾನರು ಕುಂದಗೋಳದ ಸವಾಯಿ ಗಂಧರ್ವರಿಗೆ ಎದುರು ಕೂರಿಸಿ ಕಲಿಸಿದರು. ಗದಗಿನ ಒಬ್ಬ ಹುಡುಗನಿಗೆ ಖಾನರ ಹಾಡು ಮೊದಲು ತಲುಪಿದ್ದು ಮಾತ್ರ ಪ್ಲೇಟಿನಲ್ಲಿ. ಅದನ್ನು ಕೇಳಿದವನಿಗೆ ಮನೆಯಲ್ಲಿ ನಿಲ್ಲಲಾಗಲಿಲ್ಲ. 1933ರಲ್ಲಿ ಗುರುವನ್ನು ಹುಡುಕಿಕೊಂಡು ಹೊರಟ ಆ ಹುಡುಗನೇ ಭೀಮಸೇನ ಜೋಶಿ. ಹೀಗೆ ಒಬ್ಬ ಮುಸ್ಲಿಂ ಉಸ್ತಾದರ ಮೂರು ನಿಮಿಷದ ದನಿ ಒಬ್ಬ ಬ್ರಾಹ್ಮಣ ಬಾಲಕನ ಬದುಕನ್ನೇ ತಿರುಗಿಸಿತು. ಚಾವಿ ಕೊಟ್ಟವನು ಯಾವ ಜಾತಿಯವನೆಂದು ಯಾರೂ ಕೇಳಲಿಲ್ಲ.

ಆದರೆ ಲೆಕ್ಕದ ಇನ್ನೊಂದು ಪುಟವೂ ಇದೆ. ಕಮಾನು ತಾನಾಗಿ ಏನನ್ನೂ ಕೊಡದು, ಸುತ್ತಿದ್ದನ್ನಷ್ಟೇ ಹಿಂದಿರುಗಿಸೀತು. ಪ್ಲೇಟೂ ಹಾಗೆಯೇ. ಯಾರ ದನಿಗೆ ಪೇಟೆಯಲ್ಲಿ ಬೆಲೆಯಿತ್ತೋ ಅವರ ದನಿ ಅರಗಿನ ಮೇಲೆ ಉಳಿಯಿತು. ರಾತ್ರಿಯಿಡೀ ಸಾಗುವ ಹಾಡಿಗೆ ಮೂರು ನಿಮಿಷದ ತಟ್ಟೆಯಲ್ಲಿ ಎಲ್ಲಿಯ ಜಾಗ? ಅಂಕೋಲೆಯ ಹಾಲಕ್ಕಿ ಒಕ್ಕಲಿಗರ ಸುಗ್ಗಿ, ಗುಮಟೆಯ ಪಾಂಗು, ಗದ್ದೆ ನೆಟ್ಟಿಯ ಪದ, ಮದುವೆಯ ಪದ, ಇವೆಲ್ಲ ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ಸುತ್ತಿಕೊಂಡು ಬಂದವು. ಬಡಗೇರಿಯ ಸುಕ್ರಿ ಬೊಮ್ಮಗೌಡರು ಅಕ್ಷರ ಕಲಿಯದೆಯೂ ಇಂಥ ಸಾವಿರಾರು ಹಾಡುಗಳನ್ನು ನೆನಪಿನಲ್ಲಿ ಇಟ್ಟುಕೊಂಡಿದ್ದರು. 2017ರಲ್ಲಿ ಪದ್ಮಶ್ರೀ ಬಂದಾಗ ದೇಶ ಅವರತ್ತ ತಿರುಗಿ ನೋಡಿತು. 2025ರ ಫೆಬ್ರವರಿಯಲ್ಲಿ ಸುಕ್ರಜ್ಜಿ ಹೋದರು. ಅವರ ದನಿ ಆಧುನಿಕ ಯಂತ್ರಗಳಲ್ಲಿ ಒಂದಿಷ್ಟಾದರೂ ಉಳಿದಿದೆ. ಅವರ ಅಜ್ಜಿಯರ ದನಿ? ನಮ್ಮ ಮುಸ್ಲಿಂ ಮನೆಗಳಲ್ಲಿ ಮೆಹಂದಿಯ ರಾತ್ರಿ ಢೋಲಕ್ ಬಾರಿಸುತ್ತ ಹಾಡುತ್ತಿದ್ದ ನಾನಿ, ದಾದಿಯರ ದನಿ? ಖಾರ್ವಿಗಳು ಬಲೆ ಎಳೆಯುವಾಗಿನ ಕೂಗು? ಅವು ಯಾವ ಡಬ್ಬಿಯಲ್ಲೂ ಇಲ್ಲ.

ಬೇರೆ ದೇಶಗಳಲ್ಲಿ 78ರ ಪ್ಲೇಟು ಮೂಲೆ ಸೇರಿದ ಮೇಲೂ ಭಾರತದಲ್ಲಿ 1960ರ ದಶಕದಲ್ಲೂ ಅದು ಅಚ್ಚಾಗುತ್ತಿತ್ತು. ಇಂಗ್ಲೆಂಡಿನ ಬೀಟಲ್ಸ್ ತಂಡದ ಹಾಡುಗಳು ಕೂಡ ಇಲ್ಲಿ 78ರಲ್ಲಿ ಬಂದವು. ಕಾರಣ ಬಹಳ ಸರಳ. ವಿದ್ಯುತ್ತಿಲ್ಲದ ಮನೆಗಳಲ್ಲಿ ಚಾವಿಯ ಪೆಟ್ಟಿಗೆಗಳು ಇನ್ನೂ ದುಡಿಯುತ್ತಿದ್ದವು. ಬಡತನವೇ ಒಂದು ಯಂತ್ರದ ಆಯುಸ್ಸನ್ನು ಉದ್ದ ಮಾಡಿತು. ಆಮೇಲೆ ಟ್ರಾನ್ಸಿಸ್ಟರ್ ಬಂತು, ಕ್ಯಾಸೆಟ್ ಬಂತು, ಪೆಟ್ಟಿಗೆ ಅಟ್ಟ ಸೇರಿತು. ಇಂದು ಹಳೆಯ ಸಾಮಾನಿನ ವ್ಯಾಪಾರಿಗಳು ಅದನ್ನು ಅಟ್ಟದಿಂದ ಇಳಿಸಿ ಒಯ್ದು ಹೋಟೆಲುಗಳ ಅಲಂಕಾರಕ್ಕೆ ಮಾರುತ್ತಿದ್ದಾರೆ. ಅಲ್ಲಿ ಅದು ಹಾಡುವುದಿಲ್ಲ, ಸುಮ್ಮನೆ ಹೊಳೆಯುತ್ತದೆ.

ಅಟ್ಟದಲ್ಲಿ ಇನ್ನೂ ಇಂಥ ಪೆಟ್ಟಿಗೆ ಇದ್ದವರಿಗೆ ನಮ್ಮದೊಂದು ಮಾತು. ಡಬ್ಬಿಯನ್ನು ನೀವಾಗಿ ಬಿಚ್ಚಬೇಡಿ, ಬಿಗಿದ ಪಟ್ಟಿ ಹಾರಿದರೆ ಕೈ ಸೀಳುತ್ತದೆ. ತಿಳಿದವರಿಂದ ಹಳೆಯ ಗ್ರೀಸು ತೆಗೆಸಿ ಹೊಸದು ಹಾಕಿಸಿ. ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿಡಿ. ಯಂತ್ರಕ್ಕೆ ಇಷ್ಟು ಸಾಕು. ಮನೆಯ ಮೂಲೆಯಲ್ಲಿ ಹಾಡು ಬಲ್ಲ ಅಜ್ಜಿಯೊಬ್ಬರಿದ್ದರೆ ಅವರಿಗೆ ಇಷ್ಟು ಸಾಲದು. ಇಂದು ಪ್ರತಿಯೊಬ್ಬರ ಜೇಬಿನಲ್ಲೂ ಧ್ವನಿ ಹಿಡಿಯುವ ಫೋನಿದೆ. ಅದಕ್ಕೆ ಚಾವಿ ಕೊಡಬೇಕಾಗಿಲ್ಲ, ಮೂರು ನಿಮಿಷದ ಮಿತಿಯೂ ಇಲ್ಲ. ಅಜ್ಜಿಯ ಪಕ್ಕ ಅರ್ಧ ಗಂಟೆ ಕೂತು, ‘ಅಜ್ಜಿ, ಆ ಹಾಡು ಇನ್ನೊಮ್ಮೆ ಹೇಳಿ’ ಎಂದು ಕೇಳುವವರು ಬೇಕು. ಅಷ್ಟನ್ನು ಯಾವ ಯಂತ್ರವೂ ತಾನಾಗಿ ಮಾಡುವುದಿಲ್ಲ.