ಗಡಿಯ ಐದು ಊರುಗಳೂ ಆಯವ್ಯಯ ಪತ್ರವೂ

ಶಾಸನಸಭೆಯ ಅಧಿವೇಶನವೆಂದರೆ ಪಟ್ಟಣವಾಸಿಗಳಾದ ನಮಗೆ ಬೆಳಗಿನ ಪತ್ರಿಕೆಯ ಒಂದು ಸುದ್ದಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ರೈತನಿಗಾದರೋ ಅದರ ಅರ್ಥವೇ ಬೇರೆ. ಹೊಲದ ಕಾಗದಪತ್ರಕ್ಕಾಗಿ ತಾನು ಎಷ್ಟು ದೂರ ನಡೆಯಬೇಕು ಎಂಬುದು ಅಲ್ಲಿ ನಿರ್ಧಾರವಾಗುತ್ತದೆ. ಈ ದೂರದ ಚರಿತ್ರೆಯನ್ನು ಈ ಹೊತ್ತು ಸ್ವಲ್ಪ ವಿಚಾರ ಮಾಡೋಣ.

ಈ ಊರುಗಳು ಒಂದಕ್ಕೊಂದು ನೆರೆಯವಾದರೂ ಹಿಂದೆ ಒಂದೇ ಸರಕಾರಕ್ಕೆ ಸೇರಿದವಲ್ಲ. ಚಿಕ್ಕೋಡಿ, ಅಥಣಿ ತಾಲ್ಲೂಕುಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದುವು. ರಾಯಬಾಗವು ಕೊಲ್ಲಾಪುರದ ಮಹಾರಾಜರದು. 1937ರಲ್ಲಿ ಪ್ರಾಂತಗಳಿಗೆ ಸ್ವಯಮಾಡಳಿತ ಬಂದು ಬಾಳಾಸಾಹೇಬ ಖೇರರು ಮುಂಬಯಿಯಲ್ಲಿ ಮಂತ್ರಿಮಂಡಲ ರಚಿಸಿದಾಗ, ಹಣಕಾಸಿನ ಮಂತ್ರಿಗಳಾದವರು ಬೆಳಗಾವಿಯಲ್ಲಿ ವಕೀಲರಾಗಿದ್ದ ಅಣ್ಣಾಸಾಹೇಬ ಲಠ್ಠೆಯವರು. ಅದಕ್ಕೆ ಮೊದಲು ಅವರು ಕೊಲ್ಲಾಪುರದ ದಿವಾನರೂ ಆಗಿದ್ದರು. ತಮ್ಮ ದಿವಾನರಾಗಿದ್ದವರೇ ಪ್ರಾಂತದ ಬೊಕ್ಕಸವನ್ನು ಹಿಡಿದರೂ, ಸಂಸ್ಥಾನದ ಪ್ರಜೆಗಳಾದ ರಾಯಬಾಗದವರಿಗೆ ಆ ಸಭೆಯಲ್ಲಿ ಒಂದು ಮತವೂ ಇರಲಿಲ್ಲ.

ಲಠ್ಠೆಯವರಿಗೆ ಒದಗಿದ ಸಂಕಟವನ್ನು ಇಲ್ಲಿ ಹೇಳಲೇಬೇಕು. ಪಾನನಿರೋಧವನ್ನು ಜಾರಿಗೆ ತಂದರೆ ಅಬಕಾರಿಯ ಉತ್ಪತ್ತಿ ಹೋಗುತ್ತದೆ. ಆ ಕೊರತೆಯನ್ನು ತುಂಬುವವರು ಯಾರು? ಹಳ್ಳಿಯ ಭೂಕಂದಾಯವನ್ನು ಏರಿಸದೆ, 1939ರಲ್ಲಿ ಮುಂಬಯಿ ಪಟ್ಟಣದ ಮನೆಗಳ ವಾರ್ಷಿಕ ಬಾಡಿಗೆಯ ಬೆಲೆಯ ಮೇಲೆ ನೂರಕ್ಕೆ ಹತ್ತರಂತೆ ತೆರಿಗೆ ಹಾಕಲಾಯಿತು. ಮನೆಗಳ ಒಡೆಯರು ಹೈಕೋರ್ಟಿನ ಮೆಟ್ಟಿಲು ಹತ್ತಿದರು. ಕೋರ್ಟು ತೆರಿಗೆಯನ್ನೇ ಎತ್ತಿಹಿಡಿಯಿತು. ಅದೇ ವರ್ಷದ ನವೆಂಬರಿನಲ್ಲಿ ಮಂತ್ರಿಮಂಡಲವು ರಾಜೀನಾಮೆ ಕೊಟ್ಟಿತು. ಯಾರಿಂದ ಪಡೆದು ಯಾರಿಗೆ ಕೊಡಬೇಕೆಂಬುದನ್ನು ಇಷ್ಟು ಬಿಚ್ಚುಮನಸ್ಸಿನಿಂದ ಹೇಳಿದ ಆಯವ್ಯಯ ಪತ್ರಗಳು ಹೆಚ್ಚಿಲ್ಲವೆಂದು ನಮ್ಮ ಅಭಿಪ್ರಾಯ.

1949ರಲ್ಲಿ ಕೊಲ್ಲಾಪುರವು ಮುಂಬಯಿಯಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು, ಚಂದಗಡ ತಾಲ್ಲೂಕೊಂದನ್ನು ಬಿಟ್ಟು, ಬೆಳಗಾವಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಬಂದಿತು. ಅಂದಿನಿಂದ ಅಹವಾಲು ಒಯ್ಯುವವರು ಮುಂಬಯಿಯ ದಾರಿ ಬಿಟ್ಟು ಬೆಂಗಳೂರಿನ ದಾರಿ ಹಿಡಿದರು, ದೂರವೇನೋ ಕಡಮೆಯಾಗಲಿಲ್ಲ. ಮುಂಬಯಿಯ ಶಾಸನಸಭೆಯಾದರೂ ಮಳೆಗಾಲದಲ್ಲಿ ಪುಣೆಗೆ ಬರುತ್ತಿತ್ತು. ಬೆಂಗಳೂರಿನ ಸಭೆ ಬೆಳಗಾವಿಗೆ ಬರಲು 2006ರವರೆಗೆ ಕಾಯಬೇಕಾಯಿತು. 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣವ ಮುಖರ್ಜಿಯವರು ಅಲ್ಲಿಯ ಸುವರ್ಣ ವಿಧಾನಸೌಧವನ್ನು ಉದ್ಘಾಟಿಸಿದರು.

ಇಲ್ಲಿ ಒಂದು ಸಂಗತಿಯನ್ನು ಶ್ರೋತೃಗಳು ಗಮನಿಸಬೇಕು. ವರ್ಷದ ಆಯವ್ಯಯ ಪತ್ರವು ಮಂಡನೆಯಾಗುವುದು ಬೆಂಗಳೂರಿನಲ್ಲಿ. ಚಳಿಗಾಲದಲ್ಲಿ ಬೆಳಗಾವಿಗೆ ಬರುವುದು ಪೂರಕ ಅಂದಾಜುಗಳು, ಎಂದರೆ ಮೊದಲು ಮಂಜೂರಾದ ಹಣ ಸಾಲದೆ ನಡುವರ್ಷದಲ್ಲಿ ಕೇಳುವ ಮೊತ್ತ. ಊಟ ಬಡಿಸುವುದೊಂದು ಊರಿನಲ್ಲಿ, ಉಪ್ಪು ಸಾಲದೆಂದು ಮತ್ತೆ ಕೇಳುವುದು ಇನ್ನೊಂದು ಊರಿನಲ್ಲಿ! ಆದರೂ ಹತ್ತು ದಿವಸ ಮಂತ್ರಿಗಳೆಲ್ಲರೂ ಜಿಲ್ಲೆಯಲ್ಲೇ ಇರುವುದರಿಂದ, ಅಥಣಿಯವರು ಸುಮಾರು 140 ಕಿಲೋಮೀಟರು ಬಂದು ಮನವಿ ಕೊಟ್ಟು ಹೋಗಬಹುದು.

ಆಯವ್ಯಯ ಪತ್ರದ ಒಂದು ಸಾಲಿಗೂ ನಿಜವಾದ ಕಚೇರಿಗೂ ನಡುವೆ ಎಷ್ಟು ದೂರವಿದೆಯೆಂಬುದಕ್ಕೆ ನಿಪ್ಪಾಣಿ, ಕಾಗವಾಡಗಳೇ ಸಾಕ್ಷಿ. ಈ ಎರಡು ಊರುಗಳ ಹೆಸರಿನಲ್ಲಿ ದಶಕಗಳಿಂದ ಶಾಸಕರು ಆಯ್ಕೆಯಾಗಿ ಹೋಗುತ್ತಿದ್ದರು. ಆದರೆ ಊರಿನಲ್ಲಿ ತಾಲ್ಲೂಕು ಕಚೇರಿ ಇರಲಿಲ್ಲ. ನಿಪ್ಪಾಣಿಯವರು ಚಿಕ್ಕೋಡಿಗೆ ಹೋಗಬೇಕು. ಕಾಗವಾಡದವರು, ಮೀರಜವು ಹತ್ತಿರವಿದ್ದರೂ, ಅದಕ್ಕಿಂತ ದೂರದ ಅಥಣಿಗೆ ಹೋಗಬೇಕು. 2013ರ ಆಯವ್ಯಯದಲ್ಲಿ ಜಗದೀಶ ಶೆಟ್ಟರರು ರಾಜ್ಯದಲ್ಲಿ 43 ಹೊಸ ತಾಲ್ಲೂಕುಗಳನ್ನು ಸಾರಿದರು. ಕೆಲವೇ ತಿಂಗಳಲ್ಲಿ ಚುನಾವಣೆ ನಡೆದು ಸರಕಾರ ಬದಲಾಯಿತು. ಮಾತು ಕಾಗದದಲ್ಲೇ ಉಳಿಯಿತು. 2017ರ ಮಾರ್ಚಿಯಲ್ಲಿ ಸಿದ್ದರಾಮಯ್ಯನವರು 49 ತಾಲ್ಲೂಕುಗಳನ್ನು ಮತ್ತೆ ಸಾರಿದಾಗ ನಿಪ್ಪಾಣಿ, ಕಾಗವಾಡಗಳು ಪಟ್ಟಿಯಲ್ಲಿದ್ದುವು. ಅನಂತರವೇ ಅವು ತಾಲ್ಲೂಕುಗಳಾದುವು.

ಚಿಕ್ಕೋಡಿಯ ಕಥೆ ಇಷ್ಟು ಸುಲಭವಾದುದಲ್ಲ. 1997ರಲ್ಲಿ ಜೆ. ಎಚ್. ಪಟೇಲರ ಸರಕಾರವು ಏಳು ಹೊಸ ಜಿಲ್ಲೆಗಳನ್ನು ಮಾಡಿದ ಕಾಲದಲ್ಲಿಯೇ ಚಿಕ್ಕೋಡಿ, ಗೋಕಾಕಗಳನ್ನೂ ಜಿಲ್ಲೆಗಳೆಂದು ಸಾರಿ, ಬಳಿಕ ಹಿಂದೆಗೆದುಕೊಂಡಿತು. ತಡೆದದ್ದು ಹಣದ ಕೊರತೆಯಲ್ಲ, ಗಡಿಯ ಭಯ. ಕನ್ನಡ ತಾಲ್ಲೂಕುಗಳು ಬೇರೆಯಾದರೆ ಉಳಿದ ಬೆಳಗಾವಿಯಲ್ಲಿ ಮರಾಠಿಯ ಪ್ರಮಾಣ ಹೆಚ್ಚಿ, ಮಹಾರಾಷ್ಟ್ರದ ವಾದಕ್ಕೆ ಬಲ ಬರುವುದೆಂದು ಕನ್ನಡ ಸಂಘಟನೆಗಳು ಪ್ರತಿಭಟಿಸಿದುವು. ಆ ಭಯವನ್ನು ಹುಸಿಯೆಂದು ತಳ್ಳುವಂತಿಲ್ಲ: ಬೆಳಗಾವಿ ನಗರವನ್ನು ನಮ್ಮಲ್ಲಿಯೇ ಉಳಿಸಿದ 1967ರ ಮಹಾಜನ ಆಯೋಗವು, ನಿಪ್ಪಾಣಿಯನ್ನು ಮಹಾರಾಷ್ಟ್ರಕ್ಕೆ ಕೊಡಬೇಕೆಂದಿತ್ತು, ಆ ರಾಜ್ಯವು 2004ರಲ್ಲಿ ಸುಪ್ರೀಂ ಕೋರ್ಟಿಗೂ ಹೋಯಿತು. ಆದರೆ ನಕ್ಷೆಯನ್ನು ಕಾಯುವ ಭಾರವನ್ನು ರಾಯಬಾಗದ ಮುದುಕಿಯೊಬ್ಬಳು ಬಸ್ಸಿನ ಖರ್ಚಿನಲ್ಲಿ ತೆರಬೇಕೆಂಬುದು ನ್ಯಾಯವೇ ಎಂಬ ಪ್ರಶ್ನೆಯೂ ಅಷ್ಟೇ ನಿಜವಾದುದು.

ಹೊಸ ಜಿಲ್ಲೆಗೆ ಶಾಸನಸಭೆಯ ಮತ ಬೇಕಾಗಿಲ್ಲ. 1964ರ ಭೂಕಂದಾಯ ಕಾಯಿದೆಯಂತೆ ಸರಕಾರದ ಅಧಿಸೂಚನೆ ಸಾಕು. ಆದುದರಿಂದ ಸದಸ್ಯರ ಕೈಯಲ್ಲಿ ಉಳಿಯುವುದು ಪ್ರಶ್ನೆ ಕೇಳುವ, ಬೇಡಿಕೆಗಳ ಮೇಲೆ ಮಾತನಾಡುವ ಅವಕಾಶವಷ್ಟೆ. ಬೆಳಗಾವಿಯ ಅಧಿವೇಶನಗಳಲ್ಲಿ ಚಿಕ್ಕೋಡಿಯ ಹೆಸರು ಮತ್ತೆ ಮತ್ತೆ ಕೇಳಿಬಂದಿದೆ. ಈ ನಡುವೆ ಶಿಕ್ಷಣ ಇಲಾಖೆಯು ಚಿಕ್ಕೋಡಿಯನ್ನು ಪ್ರತ್ಯೇಕ ಶೈಕ್ಷಣಿಕ ಜಿಲ್ಲೆಯನ್ನಾಗಿ ಮಾಡಿಕೊಂಡಿತು. ಮಕ್ಕಳ ಪರೀಕ್ಷೆಯ ಫಲಿತಾಂಶದ ಪಟ್ಟಿಯಲ್ಲಿ ಅದು ಬೆಳಗಾವಿಯ ಪಕ್ಕದಲ್ಲಿ ತನ್ನದೇ ಸಾಲಿನಲ್ಲಿ ಅಚ್ಚಾಗತೊಡಗಿತು.