ಕರೆಯ ನೆಲ, ಕರೆಯ ಆಟ

ಹಳಗನ್ನಡದಲ್ಲಿ 'ಕರೆ' ಎಂಬ ಮಾತಿಗೆ ದಡ, ತೀರ, ಅಂಚು ಎಂಬ ಅರ್ಥಗಳುಂಟು. 'ಕರಾವಳಿ' ಎನ್ನುವಾಗ ನಾವು ಅರಿಯದೆಯೇ ಆ ಹಳೆಯ ಮಾತನ್ನು ಉಚ್ಚರಿಸುತ್ತೇವೆ. ತುಳುನಾಡಿನ ಕಂಬಳದಲ್ಲಿ ಕೋಣಗಳು ಓಡುವ ಕೆಸರಿನ ಓಣಿಗೂ 'ಕರೆ' ಎಂದೇ ಹೆಸರು. ಅಂಥ ಎರಡು ಓಣಿಗಳು ಅಕ್ಕಪಕ್ಕದಲ್ಲಿದ್ದರೆ ಅದು 'ಜೋಡುಕರೆ'. 2023ರ ನವೆಂಬರ್ 25 ಮತ್ತು 26ರಂದು ಇಂಥದೊಂದು ಜೋಡುಕರೆ ಬೆಂಗಳೂರಿನ ಅರಮನೆ ಮೈದಾನದಲ್ಲಿ ಸಿದ್ಧವಾಯಿತು. ಕರಾವಳಿಯ ಕೋಣಗಳನ್ನು ಲಾರಿಗಳಲ್ಲಿ ಘಟ್ಟ ಹತ್ತಿಸಿ ತಂದರು. ಮಣ್ಣು ಹದಮಾಡಿ, ನೀರು ಹಾಯಿಸಿ, ಕೆಸರು ಮಾಡಿದರು. ಮೇಖ್ರಿ ವೃತ್ತ, ಆರ್.ಟಿ. ನಗರ, ಹೆಬ್ಬಾಳಗಳ ಜನ, ಅವರಲ್ಲಿ ಎಷ್ಟೋ ಮಂದಿ ಹುಟ್ಟೂರನ್ನು ಬಿಟ್ಟು ಬಂದ ಕರಾವಳಿಯವರು, ಸಾಲುಗಟ್ಟಿ ನಿಂತು ನೋಡಿದರು. ಬೆಂಗಳೂರು ಕಂಡ ಮೊದಲ ಕಂಬಳ ಅದು.

ಆ ಸಂಭ್ರಮವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಸಾಹಿತ್ಯ, ಕಲೆಗಳ ಚರಿತ್ರೆಯನ್ನು ಓದಿದವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳದೆ ಇರದು. ಆ ದಿನ ಘಟ್ಟ ಹತ್ತಿ ಬಂದುದೇನು? ಘಟ್ಟದ ಕೆಳಗೇ ಉಳಿದುದೇನು? ಇದಕ್ಕೆ ಉತ್ತರ ಹುಡುಕಬೇಕಾದರೆ ಕಲೆಯನ್ನು ಕ್ಷಣಕಾಲ ಬದಿಗಿಟ್ಟು ಕಲ್ಲು ಮಣ್ಣುಗಳ ಕಡೆಗೆ ಕಣ್ಣು ಹಾಯಿಸಬೇಕು.

ಕಾರವಾರದಿಂದ ಮಂಗಳೂರಿನವರೆಗಿನ ನಮ್ಮ ಕರಾವಳಿ ಸುಮಾರು 300 ಕಿಲೋಮೀಟರ್ ಉದ್ದದ ಕಿರಿದಾದ ಪಟ್ಟಿ. ಒಂದು ಮಗ್ಗುಲಿಗೆ ಸಹ್ಯಾದ್ರಿ, ಇನ್ನೊಂದು ಮಗ್ಗುಲಿಗೆ ಕಡಲು. ಭೂವಿಜ್ಞಾನಿಗಳು ಅಲ್ಲಿ ಮೊದಲು ತೋರಿಸುವುದು ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪದ ಶಿಲಾಸ್ತಂಭಗಳನ್ನು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಅಗಲುತ್ತಿದ್ದ ಕಾಲದಲ್ಲಿ, ಉಕ್ಕಿದ ಶಿಲಾರಸ ಆರಿ ಬಿರಿದು ನಿಂತ ಕಂಬಗಳು ಅವು. ಅವು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೂ ಹೌದು. ಆದರೆ ಕರಾವಳಿಯ ಜನದ ಬಾಳನ್ನು ತಿದ್ದಿದ ಕಲ್ಲು ಬೇರೆ. ಅದು ಅಷ್ಟು ಚೆಲುವಿನದಲ್ಲ. ತೂತು ತೂತಾದ, ಕೆಂಪಗಿನ ಮುರಕಲ್ಲು.

ಬಿಸಿಲು ಮಳೆಗಳು ಲಕ್ಷಾಂತರ ವರ್ಷ ಮೂಲಶಿಲೆಯನ್ನು ತೊಳೆದು ತೊಳೆದು, ಕರಗುವುದನ್ನೆಲ್ಲ ಕರಗಿಸಿ, ಕಬ್ಬಿಣ ಅಲ್ಯುಮಿನಿಯಮ್‌ಗಳನ್ನು ಉಳಿಸಿದ್ದರಿಂದ ಆದದ್ದು ಮುರಕಲ್ಲು. ನೆಲದೊಳಗಿರುವಾಗ ಕತ್ತಿಯೇಟಿಗೆ ಸಿಕ್ಕುವಷ್ಟು ಮೆದು. ಕಡಿದು ಗಾಳಿಗೆ ಒಡ್ಡಿದರೆ ಗಡಸು. ಟಿಪ್ಪುವಿನ ಪತನದ ಬಳಿಕ 1800–1801ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಈ ಕಲ್ಲನ್ನು ಮಲಬಾರಿನ ಅಂಗಾಡಿಪುರದಲ್ಲಿ ಕಂಡು ಬೆರಗಾದ. ಅಲ್ಲಿಯ ಜನ ಇದನ್ನು ಇಟ್ಟಿಗೆಯಂತೆ ಕಡಿದು ಮನೆ ಕಟ್ಟುವುದನ್ನು ನೋಡಿ, 1807ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ 'ಲ್ಯಾಟರೈಟ್' ಎಂಬ ಹೆಸರನ್ನು ಸೂಚಿಸಿದ. ಲ್ಯಾಟಿನ್ನಿನಲ್ಲಿ 'ಲೇಟರ್' ಎಂದರೆ ಇಟ್ಟಿಗೆ. ಇಂದು ಜಗತ್ತಿನ ಭೂವಿಜ್ಞಾನವೆಲ್ಲ ಬಳಸುವ ಹೆಸರು ಅದು. ಆದರೆ ಕನ್ನಡ ಬಲ್ಲವರಿಗೆ ಇದರಲ್ಲಿ ಹೊಸತೇನೂ ಕಾಣದು. ಈ ಕಲ್ಲಿಗೆ ನಮ್ಮ ಇನ್ನೊಂದು ಹೆಸರು 'ಜಂಬಿಟ್ಟಿಗೆ'. ಲ್ಯಾಟಿನ್ ಪಂಡಿತನಿಗೆ ಹೊಳೆದ ಹೋಲಿಕೆ ಕನ್ನಡದ ಹೆಸರಿನೊಳಗೂ ಕುಳಿತಿದೆ.

ಮುರಕಲ್ಲಿನ ನಿಜವಾದ ಗುಣ ಅದರ ಬಾಯಾರಿಕೆ. ಮುಂಗಾರಿನಲ್ಲಿ ಕರಾವಳಿಗೆ ಬೀಳುವ ಮಳೆಯೇ ಹೆಚ್ಚು; ವರ್ಷಕ್ಕೆ ಸುಮಾರು 3,500ರಿಂದ 4,000 ಮಿಲಿಮೀಟರ್. ಗುಡ್ಡದ ನೆತ್ತಿಯ ಮುರಕಲ್ಲು ಅದರಲ್ಲಿ ಒಂದು ಪಾಲನ್ನು ಕುಡಿದು ತಗ್ಗಿನಲ್ಲಿ ಒರತೆಯಾಗಿ ಬಿಟ್ಟುಕೊಡುತ್ತದೆ. ಕಾಸರಗೋಡು, ವಿಟ್ಲಗಳ ಸುತ್ತಿನ ರೈತರು ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಸುರಂಗ ಕೊರೆದು ಈ ನೀರನ್ನೇ ಮನೆಯಂಗಳಕ್ಕೆ ಬರಿಸಿಕೊಂಡರು. ಗದ್ದೆಗಳ ವರ್ಗೀಕರಣವೂ ಈ ನೀರಿನಿಂದಲೇ ಆಯಿತು. ಎತ್ತರದ, ಮಳೆಯನ್ನೇ ನಂಬಿದ ಗದ್ದೆ 'ಬೆಟ್ಟು'. ಅದಕ್ಕೆ ಒಂದೇ ಬೆಳೆ. ನಡುವಿನದು 'ಮಜಲು', ಎರಡು ಬೆಳೆ. ತಗ್ಗಿನ, ಸದಾ ತೇವದ ಗದ್ದೆ 'ಬೈಲು'. ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ.

ಕಂಬಳ ಹುಟ್ಟಿದ್ದು ಈ ತೇವದ ನೆಲದಲ್ಲಿ. ಏಣೆಲು ಕೊಯ್ದ ಮೇಲೂ ಕಾಲು ಹೂಳುವಷ್ಟು ನೀರು ನಿಲ್ಲುವ ಗದ್ದೆಯಲ್ಲದೆ ಅದು ಹುಟ್ಟುವಂತೆಯೇ ಇರಲಿಲ್ಲ. ಮುಂದಿನ ಬೆಳೆಗೆ ಗದ್ದೆ ಹದಗೊಳಿಸುವ ಉಳುಮೆಯೂ, ನಾಗ ಭೂತಗಳಿಗೆ ಸಲ್ಲುವ ಹರಕೆಯೂ, ಕೋಣಗಳ ಓಟವೂ ಅಲ್ಲಿ ಒಂದೇ ಕ್ರಿಯೆಯ ಮೂರು ಮುಖಗಳಾಗಿದ್ದವು. ಪೂಕರೆ ಕಂಬಳದಲ್ಲಿ ಗದ್ದೆಯ ನಡುವೆ ಹೂವಿನಿಂದ ಸಿಂಗರಿಸಿದ ಕಂಬವನ್ನು ನೆಡುವುದು ಇದೇ ಭಾವನೆಯಿಂದ. ಸ್ಪರ್ಧೆಯ ವಿಭಾಗಗಳ ಹೆಸರುಗಳನ್ನು ಗಮನಿಸಿರಿ: ನೇಗಿಲು, ಹಗ್ಗ, ಅಡ್ಡಹಲಗೆ, ಕನೆಹಲಗೆ. ಎಲ್ಲವೂ ಬೇಸಾಯದ ಸಾಮಗ್ರಿಗಳನ್ನು ನೆನಪಿಗೆ ತರುವಂಥವು. ಕನೆಹಲಗೆಯಲ್ಲಂತೂ ಗೆಲುವು ವೇಗದಿಂದಲ್ಲ, ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನಿಯನ್ನು ಮುಟ್ಟಿತೇ ಎಂಬುದರಿಂದ ನಿರ್ಣಯವಾಗುತ್ತದೆ. 1970ರ ಸುಮಾರಿಗೆ ಬಜಗೋಳಿಯಲ್ಲಿ ಜೋಡುಕರೆಯ ಆಧುನಿಕ ಕಂಬಳ ಮೊದಲಾದ ಮೇಲೆ ಓಟ ಗದ್ದೆಯಿಂದ ಕ್ರಮೇಣ ಬೇರೆಯಾಗತೊಡಗಿತು. ಕಂಬಳ ಬೆಂಗಳೂರಿಗೆ ಬರುವ ದಾರಿ ಅಂದೇ ತೆರೆಯಿತೆನ್ನಬಹುದು.

ಯಕ್ಷಗಾನದ ಮಾತೂ ಹೀಗೆಯೇ. ಶಿವರಾಮ ಕಾರಂತರು 1957ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥಕ್ಕೆ 'ಯಕ್ಷಗಾನ ಬಯಲಾಟ' ಎಂದು ಹೆಸರಿಟ್ಟರು. 1959ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂತು. ಆ ಹೆಸರಿನ 'ಬಯಲು' ಅಲಂಕಾರದ ಮಾತಲ್ಲ. ಕೊಯ್ಲಾದ ಗದ್ದೆ ಒಣಗಿದ ಮೇಲೆ ಅದೇ ರಂಗಸ್ಥಳ. ದೀಪಾವಳಿಯ ಬಳಿಕ ಗೆಜ್ಜೆ ಕಟ್ಟಿದ ಮೇಳಗಳು ಪತ್ತನಾಜೆಗೆ, ಎಂದರೆ ಮೇ 24–25ರ ಹೊತ್ತಿಗೆ, ಗೆಜ್ಜೆ ಬಿಚ್ಚುತ್ತವೆ. ಭೂತದ ಕೋಲಗಳಿಗೂ ಅಂದಿಗೆ ವಿರಾಮ. ಆ ದಿನವನ್ನು ಪಂಚಾಂಗದಲ್ಲಿ ಗುರುತಿಸಿದವರು ಜನರೇ. ಆದರೆ ಅದನ್ನು ನಿಶ್ಚಯಿಸಿದ್ದು ಅರಬ್ಬೀ ಸಮುದ್ರದಿಂದ ಎದ್ದು ಸಹ್ಯಾದ್ರಿಗೆ ಬಡಿಯುವ ಮುಗಿಲು. ಮಳೆ ಹಿಡಿದ ಮೇಲೆ ಬಯಲು ಮತ್ತೆ ಗದ್ದೆ. ವೇಷಧಾರಿಯ ಕೈಗೆ ಮತ್ತೆ ನೇಜಿ. ಆಗ ಆಟ ಬಯಲನ್ನು ಬಿಟ್ಟು ಚಿಕ್ಕಮೇಳವಾಗಿ ಮನೆಯ ಚಾವಡಿಯನ್ನು ಸೇರುತ್ತಿತ್ತು.

ವೇಷದಲ್ಲಿಯೂ ನೆಲವಿದೆ. ಬಣ್ಣದ ವೇಷದ ಮುಖದ ಮೇಲೆ ಮುಳ್ಳಿನಂತೆ ಎದ್ದು ನಿಲ್ಲುವ ಚುಟ್ಟಿಗೆ ಬೇಕಾದವು ಅಕ್ಕಿಹಿಟ್ಟು ಮತ್ತು ಸುಣ್ಣ. ಅಕ್ಕಿ ಗದ್ದೆಯದು. ಸುಣ್ಣವನ್ನು ಕರಾವಳಿಯವರು ಅಳಿವೆಗಳ ಚಿಪ್ಪನ್ನು ಸುಟ್ಟು ಪಡೆದರು. ಭೂತದ ನಡುವಿಗೆ ತೆಂಗಿನ ಎಳೆಗರಿ. ಹೀಗೆ ರಕ್ಕಸನ ಮುಖದಲ್ಲಿ ಗದ್ದೆ ಕಡಲುಗಳು ಕೂಡುತ್ತವೆ. ದೈವದ ಮೈಮೇಲೆ ತೋಟ ಇಳಿದು ಬರುತ್ತದೆ.

ಈ ಕರೆಯನ್ನು ಅತಿಥಿಯಾಗಿ ಕಂಡ ಮಹಾಕವಿಯೊಬ್ಬನ ಪ್ರಸಂಗ ಇಲ್ಲಿ ನೆನಪಾಗುತ್ತದೆ. 1883ರಲ್ಲಿ 22 ವರ್ಷದ ರವೀಂದ್ರನಾಥ ಠಾಕೂರರು ಕಾರವಾರಕ್ಕೆ ಬಂದರು. ಅಣ್ಣ ಸತ್ಯೇಂದ್ರನಾಥರು ಅಲ್ಲಿ ಜಿಲ್ಲಾ ನ್ಯಾಯಾಧೀಶರು. ಕಾರವಾರದ ಕಡಲು, ಕಾಳಿ ನದಿಯ ಬೆಳದಿಂಗಳುಗಳ ನಡುವೆ ಅವರು ಬರೆದ ನಾಟಕ 'ಪ್ರಕೃತಿರ್ ಪ್ರತಿಶೋಧ', ಪ್ರಕೃತಿಯ ಸೇಡು. ಪ್ರಕೃತಿಯ ಬಂಧನಗಳನ್ನೆಲ್ಲ ಹರಿದುಕೊಂಡೆನೆಂದು ಬೀಗಿದ ಸಂನ್ಯಾಸಿಯೊಬ್ಬನನ್ನು ಅನಾಥ ಬಾಲೆಯೊಬ್ಬಳ ಮಮತೆ ಮರಳಿ ಲೋಕಕ್ಕೆ ಎಳೆಯುವ ಕಥೆ ಅದು. ಇಂದು ಆ ಕಡಲತೀರಕ್ಕೆ ಅವರದೇ ಹೆಸರು. ಅವರ ಜನ್ಮಶತಮಾನೋತ್ಸವದ ನೆನಪಿಗೆ ಬೆಂಗಳೂರಿನಲ್ಲಿ ಎದ್ದುದು ರವೀಂದ್ರ ಕಲಾಕ್ಷೇತ್ರ. ಸ್ವಾರಸ್ಯವೆಂದರೆ, ಕರಾವಳಿಯ ಮೇಳಗಳು ಮಳೆಗಾಲದಲ್ಲಿ ಘಟ್ಟ ಹತ್ತಿ ಬಂದು ಆಡುವ ರಂಗಮಂದಿರಗಳಲ್ಲಿ ಅದೂ ಒಂದು. ಕೆಳಗೆ ಬಯಲು ನೀರಾದಾಗ ಮೇಲಿನ ಮಂದಿರ ಬಾಗಿಲು ತೆರೆಯುತ್ತದೆ. ಮುಗಿಲು ಘಟ್ಟದ ಮೇಲೆಯೇ ಬರಿದಾಗಿ ಬೆಂಗಳೂರಿಗೆ ವರ್ಷಕ್ಕೆ 1,000 ಮಿಲಿಮೀಟರಿಗೂ ಕಡಿಮೆ ಮಳೆಯನ್ನು ಉಳಿಸುವುದರಿಂದ ಇದು ಸಾಧ್ಯ. ಇಲ್ಲಿಯ ಕಾರ್ಯಕ್ರಮ ಪಟ್ಟಿಯನ್ನೂ ಸಹ್ಯಾದ್ರಿಯೇ ಬರೆಯುತ್ತದೆ!

ಆದುದರಿಂದ ಕಲೆ ತನ್ನ ನೆಲವನ್ನು ಬಿಟ್ಟು ಕದಲಬಾರದೆಂದು ವಾದಿಸಲಾಗದು. ಯಕ್ಷಗಾನವನ್ನು ಮುಚ್ಚಿದ ಮಂದಿರಕ್ಕೆ ತಂದು, ಪಿಟೀಲು ಸ್ಯಾಕ್ಸೊಫೋನುಗಳನ್ನು ಜೊತೆಗೂಡಿಸಿ ಪ್ರಯೋಗ ನಡೆಸಿದವರಲ್ಲಿ ಕಾರಂತರೇ ಪ್ರಮುಖರು. ಇನ್ನು, ನೆಲದಲ್ಲಿ ಇದ್ದುದೆಲ್ಲ ಪವಿತ್ರವೆಂದೂ ಹೇಳುವಂತಿಲ್ಲ. ಕಂಬಳದ ಹಿಂದಿನ ರಾತ್ರಿ ಕೊರಗರನ್ನು ಇಬ್ಬನಿಯಲ್ಲಿ ಕುಳ್ಳಿರಿಸಿ, ಗದ್ದೆಯಲ್ಲಿ ಓಡಿಸುತ್ತಿದ್ದ ಅಮಾನುಷ ರೂಢಿಯೂ ಆ ಮಣ್ಣಿನದೇ. 'ಅಜಲು' ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ಕಾಯಿದೆಯನ್ನೇ ಮಾಡಬೇಕಾಯಿತು. ಕೋಣಗಳ ಹಿಂಸೆಯ ಪ್ರಶ್ನೆಯೂ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, ಕರ್ನಾಟಕದ 2017ರ ತಿದ್ದುಪಡಿಯನ್ನು ನ್ಯಾಯಪೀಠ 2023ರ ಮೇ 18ರಂದು ಎತ್ತಿಹಿಡಿದ ಮೇಲೆಯೇ ಕಂಬಳಕ್ಕೆ ನೆಮ್ಮದಿ ದೊರೆತದ್ದು. ಬಿಡಬೇಕಾದುದನ್ನು ಬಿಟ್ಟೇ ಸಂಪ್ರದಾಯ ಬಾಳಬೇಕು.

ಭಯವಿರುವುದು ಬೇರೆಡೆ. ಉತ್ಸವ ಉಳಿದು ಅದಕ್ಕೆ ಕಾರಣವಾದ ನೆಲವೇ ಅಳಿದರೆ ಏನಾಗುತ್ತದೆ? ಇದಕ್ಕೆ ಉದಾಹರಣೆ ಹುಡುಕಲು ಬೆಂಗಳೂರಿನವರು ಘಟ್ಟ ಇಳಿಯಬೇಕಾಗಿಲ್ಲ. ಬೆಂಗಳೂರು ಕರಗಕ್ಕೂ ಸಂಪಂಗಿ ಕೆರೆಗೂ ಇರುವ ನಂಟು ಎಲ್ಲರೂ ಬಲ್ಲುದು. ಆ ಕೆರೆಯ ಅಂಗಳದಲ್ಲಿ ಇಂದು ಕಂಠೀರವ ಕ್ರೀಡಾಂಗಣವಿದೆ. ಕರಗದ ವಿಧಿಗೆಂದು ಒಂದು ಚಿಕ್ಕ ಕೊಳವನ್ನು ಮಾತ್ರ ಉಳಿಸಿಕೊಳ್ಳಲಾಗಿದೆ. ಕರಗ ಈಗಲೂ ಚೈತ್ರದ ಹುಣ್ಣಿಮೆಗೆ ಹೊರಡುತ್ತದೆ, ಜನಸಾಗರವೂ ಸೇರುತ್ತದೆ. ಆದರೆ ಕೆರೆಯ ಹಬ್ಬ ಕೊಳದ ಹಬ್ಬವಾಯಿತು. ಕರಾವಳಿಯಲ್ಲಿ ಬೈಲುಗದ್ದೆಗಳಿಗೆ ಮಣ್ಣು ತುಂಬುತ್ತಿರುವುದನ್ನೂ, ಮುರಕಲ್ಲಿನ ಗುಡ್ಡಗಳನ್ನು ಯಂತ್ರಗಳಿಂದ ಕೊರೆದು ಸಾಗಿಸುತ್ತಿರುವುದನ್ನೂ ನೋಡಿದವರಿಗೆ ಈ ಹೋಲಿಕೆಯ ತೂಕ ತಿಳಿದೀತು. ಗುಡ್ಡ ಹೋದರೆ ಒರತೆ ಹೋಯಿತು. ಒರತೆ ಹೋದರೆ ಬೈಲು ಹೋಯಿತು. ಆ ಬಳಿಕ ಮಂಗಳೂರಿನಲ್ಲಿಯೂ ಕಂಬಳಕ್ಕೆ ಅರಮನೆ ಮೈದಾನದಂತೆ ಮಣ್ಣು ತರಿಸಿ, ನೀರು ತರಿಸಿ ಕರೆ ಮಾಡಬೇಕಾದೀತು.

ಹಾಗೆಂದು ಬೆಂಗಳೂರಿನ ಉತ್ತರ ಭಾಗದ ನಾವು ಕರಾವಳಿಯವರಿಗೆ ಬುದ್ಧಿ ಹೇಳಿ ಸುಮ್ಮನಾಗುವಂತಿಲ್ಲ. ನಮ್ಮ ನೆಲಕ್ಕೂ ಅದರದೇ ಚರಿತ್ರೆಯಿದೆ. ಲಾಲ್‌ಬಾಗಿನ ಗುಡ್ಡದಲ್ಲಿ ಮೈದೋರಿರುವ, ಸುಮಾರು 300 ಕೋಟಿ ವರ್ಷಗಳ ಪರ್ಯಾಯದ್ವೀಪದ ನೈಸ್ ಶಿಲೆಯೇ ಯಲಹಂಕ, ಹೆಬ್ಬಾಳಗಳ ಅಡಿಯಲ್ಲಿಯೂ ಹಾಸಿದೆ. ಅದು ಮುರಕಲ್ಲಿನಂತೆ ನೀರು ಕುಡಿಯುವುದಿಲ್ಲ. ಹೊಳೆಯಿಲ್ಲದ ಈ ಎತ್ತರದ ನಾಡಿನಲ್ಲಿ ಹಿರಿಯರು ತಗ್ಗು ತಗ್ಗಿಗೂ ಏರಿ ಹಾಕಿ ಕೆರೆ ಕಟ್ಟಿದ್ದು ಅದಕ್ಕಾಗಿಯೇ. ಮತ್ತಿಕೆರೆಯಲ್ಲಿ ಕೆರೆಯಿದ್ದ ನೆಲ ಉದ್ಯಾನವಾಯಿತು. ಹೆಸರಿನಲ್ಲಿ ಕೆರೆ ಉಳಿಯಿತು. ಹೆಬ್ಬಾಳದಲ್ಲಿ ಕೆರೆಯೂ ಇದೆ, ಕಲ್ಲೂ ಇದೆ. 2018ರಲ್ಲಿ ಅಲ್ಲಿ ಬೆಳಕಿಗೆ ಬಂದ ಕಿತ್ತಯ್ಯನ ವೀರಗಲ್ಲು ಗಂಗ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು, ಬೆಂಗಳೂರಿನಲ್ಲಿ ದೊರೆತ ಅತ್ಯಂತ ಹಳೆಯ ಕನ್ನಡ ಶಾಸನಗಳಲ್ಲಿ ಒಂದು. ಅದರಲ್ಲಿ ಬರುವ ಊರಿನ ಹೆಸರು 'ಪೆರ್ಬೊಳಲ್', ಹಿರಿಯ ಪಟ್ಟಣ. ಪಕಾರ ಹಕಾರವಾಗಿ ಅದೇ ನಮ್ಮ ಹೆಬ್ಬಾಳ. ನಾಗರಿಕರೇ ಹಣ ಕೂಡಿಸಿ ಆ ಕಲ್ಲಿಗೊಂದು ಮಂಟಪ ಕಟ್ಟಿದ್ದು ಸಣ್ಣ ಸಂಗತಿಯಲ್ಲ.

ಕರಾವಳಿಯ ಕಲೆಗಳನ್ನು ಆದರದಿಂದ ಬರಮಾಡಿಕೊಳ್ಳೋಣ. ಬಂದ ಅತಿಥಿಯ ಊರಿನಲ್ಲಿ ಬೈಲು ಗುಡ್ಡಗಳು ಕ್ಷೇಮವೇ ಎಂದು ವಿಚಾರಿಸುವುದೂ ಆದರದ ಒಂದು ಭಾಗ. ಅವರ ಕರೆ, ನಮ್ಮ ಕೆರೆ, ಎರಡೂ ನೀರಿರುವವರೆಗೆ ಮಾತ್ರ ಆ ಹೆಸರಿಗೆ ತಕ್ಕವು.